ಗಡಿಯಾಚೆಯ ನೀರು, ಈಚೆಯ ಜುಂಜಮ್ಮ

ಬಂಡೆಸಾಲು ಹಟ್ಟಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ಯಾರು ನಡೆದಾಡಿದರೂ ನಾಯಿಗಳು ಬೊಗಳುತ್ತವೆ. ಜುಂಜಮ್ಮನಿಗೆ ಮಾತ್ರ ಬೊಗಳುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಟಾರ್ಚು ಹಿಡಿದು, ಕುರಿ ರೊಪ್ಪದ ಪಕ್ಕದ ಕಾಲುದಾರಿಯಲ್ಲಿ ಅವರು ಪೂರ್ವಕ್ಕೆ ಹೊರಡುತ್ತಾರೆ. ಹುಣಸೆಮರ ದಾಟಿದರೆ ಸುಣ್ಣ ಬಳಿದ ಹೊಸ ಗಡಿಕಲ್ಲು. ಅದರಾಚೆ ಆಂಧ್ರ. ಅಲ್ಲೊಂದು ಕಡಲೆಕಾಯಿ ಹೊಲ, ಹೊಲದ ನಡುವೆ ತಗಡಿನ ಶೆಡ್ಡು, ಅದರೊಳಗೆ ಬೋರ್‌ವೆಲ್ಲಿನ ಸ್ಟಾರ್ಟರ್. ಜುಂಜಮ್ಮ ಗುಂಡಿ ಒತ್ತುತ್ತಾರೆ. ಪೈಪಿನ ಮೇಲೆ ಅಂಗೈ ಇಟ್ಟು, ನೀರು ಹರಿಯುವುದು ಗೊತ್ತಾದ ಮೇಲೆ ಶೆಡ್ಡಿನ ಬಾಗಿಲಲ್ಲೇ ಕೂತು ಮೂಡಲದ ಕಡೆ ನೋಡುತ್ತಾರೆ.

"ಬಿಸಿಲು ಬೀಳೋದ್ರೊಳಗೆ ಆಫ್ ಮಾಡ್ಬೇಕು ಸಾ. ಹಂಗಂತ ಮಾತು ಕೊಟ್ಟೀನಿ. ಮಾತು ತಪ್ಪಿದ್ರೆ ನಾಳಿಂದ ಬೀಗ" ಎಂದು ಪತ್ರಿಕೆಯಿಂದ ಬಂದ ನಮಗೆ ಹೇಳುತ್ತಾರೆ.

ಐವತ್ತು ದಾಟಿದ ಜುಂಜಮ್ಮ ಈ ಹಟ್ಟಿಯ ನೀರುಗಂಟಿ. ಟ್ಯಾಂಕು ತುಂಬಿಸಿ, ವಾಲ್ವು ತಿರುಗಿಸಿ, ಅರವತ್ತು ಮನೆಗಳಿಗೂ ಬೀದಿ ತೊಟ್ಟಿಗೂ ನೀರು ಬಿಡುವುದು ಅವರ ಕೆಲಸ. ಮೊದಲು ಇದು ಗಂಡ ರಂಗಪ್ಪನ ಕೆಲಸವಾಗಿತ್ತು. ಜವನಗೊಂಡನಹಳ್ಳಿಯಿಂದ ಪೂರ್ವಕ್ಕೆ, ಕುರಿ ಕಾಯುವ ಕಾಡುಗೊಲ್ಲರೇ ಇರುವ ಈ ಹಟ್ಟಿಯ ಮಾತು ಕನ್ನಡ, ಸಂತೆ ಹಿರಿಯೂರಿನದು. ಸರ್ಕಾರ ಮಾತ್ರ ಮೊದಲು ಆಂಧ್ರದ್ದಾಗಿತ್ತು. ಹಟ್ಟಿ ಯಾರದೆಂದು ಎರಡು ರಾಜ್ಯಗಳೂ ಎಷ್ಟೋ ವರ್ಷ ಜಗ್ಗಾಡಿದವು. ಅಳೆಯಲು ಬಂದವರೆಲ್ಲ ಮಜ್ಜಿಗೆ ಕುಡಿದು ಹೋದರು.

ಆ ಜಗ್ಗಾಟ ಜುಂಜಮ್ಮನ ಮನೆಯೊಳಗೇ ಬಂದದ್ದು ಒಂದು ಮಳೆಗಾಲದಲ್ಲಿ. ವಾಲ್ವಿನ ಗುಂಡಿಗೆ ಕೈ ಹಾಕಿದ ರಂಗಪ್ಪನಿಗೆ ಹಾವು ಕಚ್ಚಿತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಈ ಕಡೆಯವರು, ನಿಮ್ಮದು ಆಂಧ್ರ, ಅಲ್ಲಿಗೆ ಮಾಡಿ ಎಂದರು. ಆ ಕಡೆಯವರು, ಹಿರಿಯೂರೇ ಹತ್ತಿರ, ಅಲ್ಲಿಗೇ ಕೇಳಿ ಎಂದರು. ಕೊನೆಗೆ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೊರಟರು. ಹೈವೇ ಸಿಗುವ ಮೊದಲೇ ರಂಗಪ್ಪನ ತಲೆ ಮುಂದಿದ್ದವನ ಬೆನ್ನಿಗೆ ವಾಲಿತು.

"ನೀವು ಯಾವ ಕಡೆಯೋರು ಅಂತ ಕೇಳಿದ್ರು ಸಾ, ಎರಡು ಕಡೆಯೋರೂ. ಸಾಯೋನ ಹೆಂಡ್ತಿ ಏನಂತ ಹೇಳ್ಬೇಕು?"

ಕರ್ನಾಟಕಕ್ಕೆ ಸೇರಿಸಿ ಎಂಬ ಹೋರಾಟ ಶುರುವಾದಾಗ ಹೆಂಗಸರ ಪೈಕಿ ಮೊದಲು ಬಾವುಟ ಹಿಡಿದವರು ಜುಂಜಮ್ಮ. ಹಿರಿಯೂರಿನ ತಾಲ್ಲೂಕು ಕಚೇರಿ ಎದುರು ಕೂತರು, ಚಿತ್ರದುರ್ಗದಲ್ಲಿ ಪೊಲೀಸರ ವ್ಯಾನೂ ಹತ್ತಿದರು. ನಾಲ್ಕು ವರ್ಷದ ಹಿಂದೆ ಗಡಿ ಸರಿಯಿತು. ಹಟ್ಟಿಯ ಬಾಗಿಲಿಗೆ ಕನ್ನಡದ ಬೋರ್ಡು ಬಂತು, ಮೈಸೂರುಪಾಕು ಹಂಚಿದರು. ಹಟ್ಟಿಗೆ ನೀರು ಕೊಡುವ ಏಕೈಕ ಬೋರು ಹೊಸ ಕಲ್ಲಿನ ಆಚೆ ಉಳಿಯಿತು ಎಂಬುದು ಮೆರವಣಿಗೆಯ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೊದಮೊದಲು ಅದರಿಂದ ತೊಂದರೆಯೂ ಆಗಲಿಲ್ಲ. ಆಮೇಲೆ ಹಟ್ಟಿಯ ಹುಡುಗರು ಹಳೆಯ ಶಾಲೆಯ ಗೋಡೆಯ ಮೇಲಿದ್ದ ತೆಲುಗು ಅಕ್ಷರಗಳಿಗೆ ಡಾಂಬರು ಬಳಿದು, ಫೋಟೊ ಹೊಡೆದು ಎಲ್ಲರ ಮೊಬೈಲಿಗೂ ಕಳಿಸಿದರು. ಅದೇ ವಾರ ಆಚೆಯವರು ಮೋಟರಿನ ವೈರು ಕಿತ್ತರು. ಒಂದು ತಿಂಗಳು ಟ್ಯಾಂಕರ್ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸ ಬೋರು ಈಗ ಬಂತು, ಆಗ ಬಂತು ಎಂದು ಮುಖಂಡರು ಹೇಳುತ್ತಿದ್ದಾಗ, ಜುಂಜಮ್ಮ ಯಾರಿಗೂ ಹೇಳದೆ ಹೊಲದ ಯಜಮಾನ ಗೊಲ್ಲಪ್ಪನ ಮನೆಗೆ ಹೋದರು.

"ನಮ್ಮ ಅಕ್ಷರಕ್ಕೆ ಡಾಂಬರು ಬಳಿದ್ರಿ. ಈಗ ನಮ್ಮ ನೀರು ಬೇಕೇನಕ್ಕಾ?" ಎಂದರಂತೆ ಗೊಲ್ಲಪ್ಪ.

"ಬಳಿದೋರು ಬರಾಕೆ ನಾಚ್ಕೆಂತಾರಪ್ಪ, ಅದಕ್ಕೆ ನಾನು ಬಂದೀನಿ" ಎಂದರಂತೆ ಇವರು. ನಮ್ಮ ಕಡೆ ನೋಡದೆ ಸೇರಿಸುತ್ತಾರೆ: "ಕಾಲಿಗೂ ಬಿದ್ದೆ ಸಾ. ನನಗಿಂತ ಚಿಕ್ಕೋನು ಅವನು."

ಗೊಲ್ಲಪ್ಪ ವೈರು ಹಾಕಿಸಿದರು, ಷರತ್ತನ್ನೂ ಹಾಕಿದರು. ಜುಂಜಮ್ಮ ಒಬ್ಬರೇ ಬರಬೇಕು, ಊರವರು ಹೊಲಕ್ಕೆ ಬರುವ ಮೊದಲೇ ಮುಗಿಸಬೇಕು, ಊರೊಳಗೆ ಕಾಲಿಡಬಾರದು. ಇದಕ್ಕಾಗಿ ಗೊಲ್ಲಪ್ಪನನ್ನು ಅವರ ಊರಿನವರೂ ಬೈದರು ಎಂಬುದು ಜುಂಜಮ್ಮನಿಗೆ ಗೊತ್ತು.

ನೀರು ಬಂದ ಮೇಲೆ ಹಟ್ಟಿಗೆ ಒಂದು ಸಭೆಯೂ ಬಂತು. ಗಡಿ ಸರಿದ ಮೇಲೆ ಜನಾಭಿಪ್ರಾಯ ಹೇಗಿದೆ ಎಂದು ತಿಳಿಯಲು ದೊಡ್ಡ ಅಧಿಕಾರಿಯೊಬ್ಬರು ಬಂದರು. ಹೋರಾಟ ಸಮಿತಿಯಲ್ಲಿದ್ದು ಈಗ ಪಂಚಾಯಿತಿ ಮೆಂಬರಾಗಿರುವ ಪರಮೇಶ್ ಹಿಂದಿನ ದಿನವೇ ಮನೆಮನೆಗೂ ಹೋಗಿ, ಚೆನ್ನಾಗೈತೆ ಅನ್ನಿ ಎಂದು ಹೇಳಿಕೊಟ್ಟಿದ್ದರು. ಎಲ್ಲರೂ ಹಾಗೇ ಹೇಳಿದರು. ಜುಂಜಮ್ಮ ಎದ್ದು ನಿಂತರು.

"ಈ ಕಡೆ ಬಂದಿದ್ದಕ್ಕೆ ಬೇಜಾರಿಲ್ಲ ಸ್ವಾಮಿ. ನಾವು ಬಂದ್ವಿ, ನೀವು ಬರ್ಲಿಲ್ಲ. ಇವತ್ತೂ ಕುಡಿಯೋ ನೀರು ಆ ಕಡೇದು. ಆಂಬುಲೆನ್ಸಿಗೆ ಫೋನ್ ಮಾಡಿದ್ರೆ ಇವತ್ತೂ ನಮ್ಮ ಹಟ್ಟಿ ಹೆಸರು ಅವ್ರಿಗೆ ಸಿಗಲ್ಲ."

ಅಧಿಕಾರಿ ಕನ್ನಡಕ ತೆಗೆದು ಕೇಳಿದರು: "ಅಮ್ಮ, ನೀವು ಯಾವ ಕಡೆಯವರು?"

ಜುಂಜಮ್ಮ ಕೂತುಬಿಟ್ಟರು. ಹಟ್ಟಿಯ ಒಬ್ಬರೂ ಅವರ ಪರ ಎದ್ದು ನಿಲ್ಲಲಿಲ್ಲ. ಅಂದಿನಿಂದ ಅವರ ಹೆಸರು 'ಆಂಧ್ರದ ಜುಂಜಮ್ಮ'. ನಲ್ಲಿಯಲ್ಲಿ ನೀರು ಬರುವುದು ತಡವಾದರೆ, ಆಂಧ್ರದೋಳು ಎಲ್ಲಿ ಹೋದ್ಲು ಎಂದು ಕೂಗುತ್ತಾರೆ. ಈ ಕೆಲಸಕ್ಕೆ ಸಂಬಳವೂ ಇಲ್ಲ. ಆ ಪಂಚಾಯಿತಿ ಕೈಬಿಟ್ಟಿತು, ಈ ಪಂಚಾಯಿತಿ ಇನ್ನೂ ಹಿಡಿದಿಲ್ಲ. ನಾಲ್ಕು ಕುರಿ, ಕೂಲಿ, ಅಷ್ಟರಲ್ಲೇ ಬದುಕು.

ನಾವು ಹೋದ ದಿನ ಹಟ್ಟಿಯಲ್ಲಿ ಮಾತಾಡಲು ಯಾರಿಗೂ ಬಿಡುವಿರಲಿಲ್ಲ. ತೊಟ್ಟಿಯ ಬಳಿ ಕೊಡ ತುಂಬುತ್ತಿದ್ದ ಹೆಂಗಸೊಬ್ಬರು, "ಅವ್ಳು ಹೇಳಿದ್ದು ಸುಳ್ಳಲ್ಲ. ನನ್ನ ಹೆಸ್ರು ಮಾತ್ರ ಹಾಕ್ಬೇಡ್ರಿ" ಎಂದು ಕೊಡ ಎತ್ತಿಕೊಂಡು ಹೋದರು. ಪರಮೇಶ್ ಮಾತ್ರ ನಮ್ಮನ್ನು ಮನೆಗೆ ಕರೆದರು. "ಕುಂತ್ಕಳ್ರಿ. ನಮ್ಮ ಜನ ನೂರಕ್ಕೆ ನೂರು ಖುಷಿಯಾಗವ್ರೆ, ಬರ್ಕಳ್ರಿ" ಎಂದು ತಂಬಿಗೆ ನೀರು ತಂದಿಟ್ಟರು. ಈ ನೀರು ಎಲ್ಲಿಯದು ಎಂದು ಕೇಳಿದೆವು.

"ಟ್ಯಾಂಕಿಂದು" ಎಂದರು.

ಮರುದಿನ ಬೆಳಗ್ಗೆ ಜುಂಜಮ್ಮನ ಜೊತೆ ನಾವೂ ಗಡಿಕಲ್ಲಿನವರೆಗೆ ನಡೆದೆವು. ಮುಂದಕ್ಕೆ ಅವರು ಬಿಡಲಿಲ್ಲ. ಮೋಟರ್ ಆಫ್ ಮಾಡಿ ವಾಪಸ್ಸು ಬಂದು, ಕಲ್ಲಿನ ಪಕ್ಕ ನಿಂತು, ದೂರದಲ್ಲಿ ಹೊಗೆ ಏಳುತ್ತಿದ್ದ ಹೆಂಚಿನ ಮನೆಯೊಂದನ್ನು ತೋರಿಸಿದರು. ಅದು ಗೊಲ್ಲಪ್ಪನ ಊರಿನಲ್ಲೇ ಇರುವ ಮಗಳು ಚಿತ್ರಾಳ ಮನೆ. ಮದುವೆ ಮಾಡಿಕೊಟ್ಟಾಗ ಎರಡೂ ಊರು ಒಂದೇ ರಾಜ್ಯದಲ್ಲಿದ್ದವು. ಡಾಂಬರಿನ ಗಲಾಟೆಯಾದ ಮೇಲೆ ಬೀಗರು ಬರಬೇಡಿ ಎಂದಿದ್ದಾರೆ. ಮೊಮ್ಮಗಳು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂತು. ಆ ಮಗುವೀಗ ನಡೆಯುತ್ತದಂತೆ.

ನಿಮಗೇನು ಆಸೆ ಎಂದು ಕೇಳಿದೆವು. ಅವರು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡರು.

"ಈ ಕಡೆ ಒಂದು ಬೋರು ಕೊರೆದು ನೀರು ಬಿದ್ರೆ ಸಾಕು ಸಾ. ಆಮ್ಯಾಕೆ ನೀರಿಗಂತ ಆ ಕಡೆ ಕಾಲಿಡಲ್ಲ. ಒಂದಿನ ಹಗಲೊತ್ನಾಗೆ ಮಗಳ ಮನೆಗೆ ಹೋಗ್ತೀನಿ. ಬಾಗಿಲಾಗೆ ಒಂದು ಚೊಂಬು ನೀರು ಕೊಡ್ತಾಳೆ, ಕುಡೀತೀನಿ. ನಾನು ಕೇಳಿದ್ದಲ್ಲ, ಅವ್ಳಾಗೇ ಕೊಟ್ಟಿದ್ದು."