ಅತ್ತೆಯ ಪರವಾಗಿ ಕಡಲ ಹಸು ಮುಟ್ಟಲು ಹೋದದ್ದು

ಮೈಸೂರಿನಲ್ಲಿದ್ದಾಗ ನನ್ನ ಅತ್ತೆ ಬೆಳಿಗ್ಗೆ ಹಾಲಿನವನ ಹಸುವಿನ ಹಿಂಭಾಗ ಮುಟ್ಟಿ ಕೈ ಕಣ್ಣಿಗೊತ್ತಿಕೊಳ್ಳದೆ ಕಾಫಿ ಕುಡಿದವರಲ್ಲ. ಅಂಥವರನ್ನು ೧೯೯೦ರ ಶುರುವಿನಲ್ಲಿ ಕುವೈತಿಗೆ ಕರೆಸಿಕೊಂಡು ಬ್ನೇದ್ ಅಲ್ ಗಾರ್ ಬಡಾವಣೆಯ ನಮ್ಮ ನಾಲ್ಕನೇ ಮಹಡಿಯ ಮನೆಯಲ್ಲಿ ಕೂರಿಸಿದ್ದೆವು. ಹಾಲಿನ ಡಬ್ಬದ ಮೇಲೊಂದು ಹಸುವಿನ ಚಿತ್ರವಿತ್ತು. ಒಂದು ದಿನ ಅವರು ಆ ಚಿತ್ರವನ್ನೇ ಮುಟ್ಟಿ ನಮಸ್ಕರಿಸುವುದನ್ನು ನೋಡಿ ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅವರು ನಗಲಿಲ್ಲ. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತೂ ಆಡಲಿಲ್ಲ.

ಮೇ ತಿಂಗಳಲ್ಲಿ ನನ್ನ ಗಂಡ ಆಫೀಸಿನಿಂದ ಒಂದು ಸುದ್ದಿ ತಂದರು. ಸಹೋದ್ಯೋಗಿಯೊಬ್ಬರ ಚಿಕ್ಕಪ್ಪ, ವಯಸ್ಸಾದ ಕುವೈತಿ ನಾವಿಕ, ಖಿರಾನ್ ಕರಾವಳಿಯ ಕಡೆ ಆಳವಿಲ್ಲದ ನೀರಿನಲ್ಲಿ ಡುಗಾಂಗ್ ಎಂಬ ಕಡಲ ಹಸುವನ್ನು ಕಂಡರಂತೆ. ಆ ಭಾಗಕ್ಕೆ ಅದು ಬರುವುದು ಅಪರೂಪ, ದಕ್ಷಿಣದಿಂದ ದಾರಿ ತಪ್ಪಿ ಬಂದಿರಬೇಕಂತೆ.

"ಏನು ತಿನ್ನತ್ತೆ ಅದು?" ಅಂದರು ಅತ್ತೆ.

"ನೀರೊಳಗಿನ ಹುಲ್ಲು ಅಮ್ಮ."

"ಕರುವಿಗೆ ಹಾಲು ಕೊಡತ್ತಾ?"

"ಕೊಡತ್ತೆ."

"ಮತ್ತೇನು, ಹಸೂನೇ. ಕರ್ಕೊಂಡು ಹೋಗು."

ಶುಕ್ರವಾರ ರಜೆ, ಹೊರಟೆವು. ಹರೆಯದಲ್ಲಿ ಸರಕಿನ ಹಡಗಿನಲ್ಲಿ ಬೊಂಬಾಯಿ, ಮಂಗಳೂರಿಗೆಲ್ಲ ಬಂದುಹೋದ ಆ ಅಜ್ಜನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅತ್ತೆಯನ್ನು ಜೋಪಾನವಾಗಿ ದೋಣಿ ಹತ್ತಿಸಿದರು. ದೂರದಲ್ಲೇ ಎಂಜಿನ್ ಆರಿಸಿ ನನಗೆ ಬೆರಳು ತೋರಿಸಿ, "ದೇಖೋ, ಛೂನಾ ನಹೀ" ಎಂದರು. ಮುಟ್ಟಿದರೆ ಅದು ಹೆದರಿ ಈ ಜಾಗವನ್ನೇ ಬಿಟ್ಟು ಓಡಿಹೋಗುತ್ತದೆ, ಮತ್ತೆ ಬರುವುದಿಲ್ಲ ಎಂದು ವಿವರಿಸಿದರು. ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಹಿಂದಿ ಬಾರದ ಅತ್ತೆ ಅಷ್ಟರಲ್ಲಿ ನನ್ನ ದುಪಟ್ಟಾ ಜಗ್ಗಿದರು.

"ನನಗೆ ಈಜು ಬರಲ್ಲ. ನನ್ನ ಪರವಾಗಿ ನೀನು ಮುಟ್ಟಿ ಬಾರೇ. ಹಿಂದುಗಡೆ, ಬಾಲದ ಹತ್ರ. ಕೈಯನ್ನ ಯಾವುದಕ್ಕೂ ಒರೆಸ್ಕೋಬೇಡ, ಹಾಗೇ ನನ್ನ ಹತ್ರ ತಾ."

ಮದುವೆಯಾಗಿ ಎಂಟು ವರ್ಷದಲ್ಲಿ ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಹಾಲಿನ ಡಬ್ಬದ ಪಾಪ ಬೇರೆ ತಲೆಯ ಮೇಲಿತ್ತು. "ಹೂಂ" ಅಂದುಬಿಟ್ಟೆ.

ಊರಿನ ನಾಲೆಯಲ್ಲಿ ಈಜು ಕಲಿತವಳು ನಾನು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಸಲ್ವಾರ್ ಕಮೀಜಿನಲ್ಲೇ ಸದ್ದಾಗದಂತೆ ನೀರಿಗಿಳಿದೆ. ಕಾಲು ಬಡಿಯದೆ, ಕೈ ಮಾತ್ರ ಆಡಿಸುತ್ತಾ ತೇಲಿದೆ. ಮೊದಲು ಕಂಡದ್ದು ತಳದಿಂದ ಏಳುತ್ತಿದ್ದ ರಾಡಿ. ಅದರೊಳಗಿಂದ ಬೂದುಬಣ್ಣದ ದೊಡ್ಡ ಮೈ ನಿಧಾನವಾಗಿ ಮೇಲೆ ಬಂತು. ಮೂಗಿನ ಹೊಳ್ಳೆ ತೆರೆದು ಬುಸ್ಸೆಂದು ಉಸಿರು ಬಿಟ್ಟಿತು. ಮೂತಿಯ ತುಂಬ ಒರಟು ಕೂದಲು, ತೀರಾ ಪುಟ್ಟ ಕಣ್ಣು. ಚೆಂದ ಅಂತ ಯಾರೂ ಹೇಳಲಾರರು, ಆದರೆ ನನಗೆ ನೋಡಿದ ಕೂಡಲೇ ಪ್ರೀತಿ ಉಕ್ಕಿತು. ಅದರ ಬೆನ್ನಿಗೆ ಅಂಟಿಕೊಂಡು ಒಂದು ಮರಿ ಇತ್ತು.

ತಾಯಿ ಮತ್ತೆ ಮುಳುಗಿ, ಮೇಯುತ್ತಾ ತಾನಾಗಿಯೇ ನನ್ನ ಪಕ್ಕದಲ್ಲಿ ಹಾದುಹೋಯಿತು. ಬಾಲ ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿದೆ. ಅಷ್ಟಕ್ಕೇ ಮರಿ ಬೆದರಿ ತಾಯಿಯ ಹೊಟ್ಟೆಯಡಿಗೆ ನುಗ್ಗಿತು, ತಾಯಿ ಮೇಯುವುದನ್ನು ನಿಲ್ಲಿಸಿತು. ಕೈ ಎಳೆದುಕೊಂಡು ಸುಮ್ಮನೆ ತೇಲಿದೆ. ಸ್ವಲ್ಪ ಹೊತ್ತಿನ ಮೇಲೆ ಅದು ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ನಾನು ತಿರುಗಿ ಬಂದೆ.

ದೋಣಿಯಲ್ಲಿ ಅತ್ತೆ ಎರಡೂ ಅಂಗೈ ಚಾಚಿ ಕಾಯುತ್ತಿದ್ದರು. ಮುಟ್ಟಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆ ಅಂಗೈ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ.

"ಮುಟ್ಟಲಿಲ್ಲ ಅತ್ತೆ."

"ಒಂದೇ ಒಂದು ಕೆಲಸ ಹೇಳಿದ್ದೆ."

"ಜೊತೇಲಿ ಮರಿ ಇತ್ತು. ಮುಟ್ಟಿದ್ರೆ ಹೆದರಿ ಈ ಜಾಗಾನೇ ಬಿಟ್ಟು ಹೋಗತ್ತಂತೆ. ಬಾಣಂತೀನ ಹೋದವರು ಬಂದವರೆಲ್ಲ ಮುಟ್ತಾರಾ?" ಎಂದು ನಾನೂ ರೇಗಿದೆ.

ಅವರು ಮುಖ ತಿರುಗಿಸಿಕೊಂಡರು. ದಡ ಹತ್ತಿರ ಬಂದಾಗ, ನನ್ನ ಕಡೆ ನೋಡದೆಯೇ, "ಹೆಣ್ಣು ಕರುವೋ, ಗಂಡೋ?" ಎಂದು ಕೇಳಿದರು. ಗೊತ್ತಾಗಲಿಲ್ಲ ಅಂದದ್ದಕ್ಕೆ, "ಅದನ್ನೂ ನೋಡ್ಲಿಲ್ವಾ?" ಎಂದು ಬೈದರು. ಆಮೇಲೆ ತಮ್ಮ ಸೆರಗಿನಿಂದಲೇ ನನ್ನ ತಲೆ ಒರೆಸಿದರು.

ಜುಲೈಯಲ್ಲಿ ಅವರನ್ನು ಬಿಟ್ಟುಹೋಗಲು ಮೈಸೂರಿಗೆ ಬಂದೆವು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು, ನಾವು ಮೈಸೂರಿನಲ್ಲೇ ಉಳಿದೆವು. ಮರುವರ್ಷದ ಶುರುವಿನಲ್ಲಿ ಟಿವಿಯಲ್ಲಿ ಆ ಸಮುದ್ರದ ಮೇಲೆ ಕಪ್ಪು ಎಣ್ಣೆ ಹರಡುವುದನ್ನು ತೋರಿಸಿದರು. ಎಣ್ಣೆಯಲ್ಲಿ ಅದ್ದಿಹೋದ ಹಕ್ಕಿಯೊಂದು ರೆಕ್ಕೆ ಬಿಚ್ಚಲಾಗದೆ ಒದ್ದಾಡುತ್ತಿತ್ತು. ನಮ್ಮ ಮನೆ, ಸಾಮಾನು, ಕೆಲಸ ಎಲ್ಲ ಅಲ್ಲೇ ಇತ್ತು. ಅತ್ತೆ ಅದೊಂದನ್ನೂ ಕೇಳಲಿಲ್ಲ.

"ಆವತ್ತು ನೀನು ಮುಟ್ಟಬೇಕಿತ್ತು ಕಣೇ," ಅಂದರು. "ಹೆದರಿಕೊಂಡು ಆಗಲೇ ಮಗೂನ ಕರ್ಕೊಂಡು ದೂರ ಹೋಗಿಬಿಡ್ತಿತ್ತು."

ನಾನು ಹತ್ತಿರ ಹೋಗಿ ಅವರ ಪಕ್ಕದಲ್ಲಿ ಕುಳಿತೆ.