ವಾರಿಜಕ್ಕನ ಕಂಪ್ಯೂಟರು

ಸೂಚನೆ, ಮುನ್ನರಿವು ಎಂಬ ಮಾತು ಬಂದಾಗಲೆಲ್ಲ ನಕ್ಕವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಮೊದಲಿನಷ್ಟು ಜೋರಾಗಿ ನಗುವುದಿಲ್ಲ, ಅಷ್ಟೇ.

ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಕಟ್ಟಡದಲ್ಲಿರುವ ಕಂಪ್ಯೂಟರು, ಪ್ರಿಂಟರುಗಳನ್ನೆಲ್ಲ ತಾನೇ ಹುಡುಕಿ ಪಟ್ಟಿ ಮಾಡುವ ತಂತ್ರಾಂಶವೊಂದು ನನ್ನ ಬಳಿ ಇದೆ. ಅದರ ಹುಚ್ಚುಗಳೆಲ್ಲ ನನಗೆ ಬಾಯಿಪಾಠ. ನಿದ್ದೆಗೆ ಜಾರಿದ ಪ್ರಿಂಟರು ಅದಕ್ಕೆ ಕಾಣುವುದಿಲ್ಲ. ಹೋಗಿ ಒಂದು ಹಾಳೆ ಮುದ್ರಿಸಿ ಎಬ್ಬಿಸಬೇಕು. ವೈರು, ವೈಫೈ ಎರಡೂ ಇರುವ ಲ್ಯಾಪ್‌ಟಾಪನ್ನು ಎರಡೆಂದು ಎಣಿಸುತ್ತದೆ. ಎಂದೋ ತೆಗೆದ ಯಂತ್ರವನ್ನು ಪಟ್ಟಿಯಲ್ಲೇ ಉಳಿಸಿಕೊಳ್ಳುತ್ತದೆ. ಹಳೆಯ ನೆನಪು ಅಳಿಸಿ ಮತ್ತೆ ಹುಡುಕಿಸಿದರೆ ಸರಿಹೋಗುತ್ತದೆ.

ಕೆಲವು ವರ್ಷಗಳ ಹಿಂದೆ, ಮೂಡುಬಿದಿರೆ ಕಡೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಮಧ್ಯಾಹ್ನ ಈ ಕೆಲಸಕ್ಕೆ ಕುಳಿತಿದ್ದೆ. ಅಲ್ಲಿ ಯಂತ್ರಗಳಿಗೆ ಸಂಖ್ಯೆ ಇಡುವ ಪದ್ಧತಿಯಿಲ್ಲ. ಮುಂದೆ ಯಾರು ಕೂರುತ್ತಾರೋ ಅವರ ಹೆಸರೇ ಅದಕ್ಕೆ. ಪಟ್ಟಿಯಲ್ಲಿ ‘ವಾರಿಜಕ್ಕ’ ಎಂದು ಬಂತು. ಅವರು ನಿವೃತ್ತರಾಗಿ ಅಳದಂಗಡಿಗೆ ಹೋದ ನರ್ಸ್. ಅವರ ಕಂಪ್ಯೂಟರನ್ನು ಗುಜರಿಗೆ ಹಾಕಿಸಿದವನು ನಾನೇ. ಹೆಸರು ಅಳಿಸಿ ಮತ್ತೆ ಹುಡುಕಿಸಿದೆ. ಬಂತು. ತಂತ್ರಾಂಶವನ್ನೇ ತೆಗೆದು ಹೊಸದಾಗಿ ಹಾಕಿದೆ. ಆಗಲೂ ಬಂತು, ‘ಈಗ ಉತ್ತರಿಸುತ್ತಿದೆ’ ಎಂಬ ಹಸಿರು ಗುರುತಿನೊಂದಿಗೆ.

ರಿಸೆಪ್ಶನಿನ ಶಶಿಕಲಾ ಇಣುಕಿ ನೋಡಿ, “ಅವರ ಕೋಣೆಗೆ ಒಮ್ಮೆ ಹೋಗಿ ನೋಡುವ ಮಾರಾಯ್ರೆ, ನಿಮ್ಮ ಗಂಟೇನು ಹೋಗ್ತದೆ?” ಎಂದರು.

ಲಸಿಕೆ ಇಡುವ ಆ ಕೋಣೆಯಲ್ಲಿ ಕಂಪ್ಯೂಟರು ಇರಲಿಲ್ಲ. ನೆಟ್‌ವರ್ಕ್ ವೈರಿನ ತುದಿ ಗೋಡೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಆದರೆ ಲಸಿಕೆಯ ಫ್ರಿಜ್ಜಿನಿಂದ ಸದ್ದೇ ಇರಲಿಲ್ಲ. ಬಣ್ಣ ಬಳಿಯಲು ಬಂದವರು ತಮ್ಮ ಫ್ಯಾನಿಗೆಂದು ಅದರ ಪ್ಲಗ್ ಕಿತ್ತು, ಹಾಗೆಯೇ ಊಟಕ್ಕೆ ಹೋಗಿದ್ದರು. ಮರುದಿನ ಬೆಳಗ್ಗೆ ಸುತ್ತಲಿನ ಊರುಗಳಿಂದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬರುವವರಿದ್ದರು; ಎಂಟು ಡಿಗ್ರಿ ದಾಟಿದ್ದರೆ ಅಷ್ಟೂ ಲಸಿಕೆ ಹಾಳು. ಶಶಿಕಲಾ ಪ್ಲಗ್ ಹಾಕಿದರು. ಮಾಪಕ ಏಳು ತೋರಿಸುತ್ತಿತ್ತು. ಹೋದ ಜೀವ ಬಂದಂತಾಯಿತು.

ಈ ಸಂತೋಷವನ್ನು ವಾರಿಜಕ್ಕನಿಗೇ ಹೇಳಬೇಕೆನಿಸಿ ಫೋನು ಮಾಡಿದೆ. ನಾವು ಮಾತಾಡಿ ಎರಡು ವರ್ಷವಾಗಿತ್ತು. ನಾನು ನನ್ನ ಹೆಸರು ಹೇಳಿದ್ದೇ ತಡ, ಅವರು ಕೇಳಿದರು: “ಫ್ರಿಜ್ಜಿನಲ್ಲಿ ಎಷ್ಟು ಡಿಗ್ರಿ ಉಂಟು?”

“ಏಳು,” ಎಂದೆ.

“ಹಾಗಾದ್ರೆ ತೊಂದರೆ ಇಲ್ಲ. ಬೆಳಗ್ಗಿನಿಂದ ಅದೇ ಯೋಚನೆ ನನಗೆ. ಇನ್ನು ಸ್ವಲ್ಪ ಮಲಗ್ತೇನೆ,” ಎಂದು ಫೋನಿಟ್ಟರು.

ಹಿಂತಿರುಗಿ ಬಂದು ನೋಡಿದರೆ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನಾನು ಅಳಿಸಿರಲಿಲ್ಲ. ಮರುದಿನ ಮಕ್ಕಳೆಲ್ಲ ಸೂಜಿ ಚುಚ್ಚಿಸಿಕೊಂಡು ಬೊಬ್ಬೆ ಹಾಕಿದರಂತೆ. ಶಶಿಕಲಾ ಅದನ್ನು ಹೇಳಿದಾಗ ನನಗೆ ಬಹಳ ಖುಷಿಯಾಯಿತು. ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿ ನೋಡಿದೆ. ಗೋಡೆಯ ಆ ವೈರಿನ ತುದಿಯಲ್ಲಿ ಏನೂ ಇರಲಿಲ್ಲ, ಅದನ್ನು ಕಣ್ಣಾರೆ ಕಂಡಿದ್ದೇನೆ. ಉತ್ತರಿಸಿದ್ದು ಯಾರು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ.