ತಂತಿಯಿಲ್ಲದೆ ಎದ್ದ ಮುಳ್ಳು

ಶಿಡ್ಲಘಟ್ಟದ ಗಡಿಯಾರ ರಿಪೇರಿ ಕೋನಪ್ಪನಿಗೆ ದೆವ್ವ ಎಂದರೆ ನಗು. ಊರವರು ಹುಣಸೆಮರದ ಕತೆ ತೆಗೆದರೆ, "ದೆವ್ವಕ್ಕೇನಪ್ಪ, ಬೇರೆ ಕೆಲಸ ಇಲ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದ. ಅಂಥವನ ಕೈಕಾಲು ಸಾವಿರದ ಒಂಬೈನೂರ ಅರವತ್ತನಾಲ್ಕರ ಶಿವರಾತ್ರಿ ಕಳೆದ ವಾರ, ನಡುಮಧ್ಯಾಹ್ನ, ಅಂಗಡಿಯಲ್ಲಿ ಕೂತಲ್ಲೇ ತಣ್ಣಗಾದವು.

ಮೇಜಿನ ಮೇಲಿದ್ದ ಮೀಟರು ಜಂಗಮಕೋಟೆಯ ವೆಂಕಟರವಣಪ್ಪನವರದು. ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ ಬಂದವರಿಗೆ ಹವ್ಯಾಸಿ ರೇಡಿಯೋದ ಹುಚ್ಚು. ಲೈಸೆನ್ಸು ಪಡೆದು, ಸೆಟ್ಟು ಬ್ಯಾಟರಿ ಎರಡನ್ನೂ ಎತ್ತಿನ ಗಾಡಿಗೆ ಹೇರಿಕೊಂಡು ಗುಡ್ಡಕ್ಕೆ ಹೋಗಿ, ಮುಖ ಕಾಣದ ದೂರದವರೊಡನೆ ಮಾತಾಡುತ್ತಿದ್ದರು. ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆ ಎಂದು ತೋರಿಸುವ ಈ ಮೀಟರು ಗಾಡಿಯಿಂದ ಬಿದ್ದು ಗಾಜು ಒಡೆದು, ಮುಳ್ಳು ಬಾಗಿತ್ತು. ಅದರ ಕೂದಲೆಳೆಯಂಥ ಸ್ಪ್ರಿಂಗು ಮುಟ್ಟುವ ಧೈರ್ಯ ಸುತ್ತಮುತ್ತ ಕೋನಪ್ಪನೊಬ್ಬನಿಗೇ ಇದ್ದದ್ದು.

ಉಸಿರು ತಾಗಿದರೂ ಕೆಲಸ ಕೆಡುತ್ತದೆಂದು ಎಂದಿನಂತೆ ಬಾಯಿಗೆ ಟವೆಲ್ಲು ಕಟ್ಟಿಕೊಂಡು ಮುಳ್ಳು ನೆಟ್ಟಗೆ ಮಾಡಿದ. ಅಷ್ಟಗಲದ ಗಾಜು ಸಿಗದೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೂರಿಸಿ, ಒರೆಸಿದ. ಮನೆಮನೆಯಲ್ಲೂ ರೇಷ್ಮೆ ಬಿಚ್ಚುವ ಊರಿನಲ್ಲಿ ಒರೆಸಲು ಹತ್ತಿಬಟ್ಟೆ ಯಾರಿಗೆ ಬೇಕು? ಕೋನಪ್ಪನದು ಹೆಂಡತಿ ಅಕ್ಕಯ್ಯಮ್ಮನ ರೇಷ್ಮೆ ಧಾರೆ ಸೀರೆಯ ಸೆರಗಿನ ತುಂಡು. ಅವಳು ತೀರಿಹೋಗಿ ಎಂಟು ತಿಂಗಳಾಗಿತ್ತು.

ಕೈ ಚಾಚಿದ. ಮುಳ್ಳು ಎದ್ದಿತು. ಮೀಟರಿನ ತಂತಿಗಳೆರಡೂ ಮೇಜಿನ ಮೇಲೆ ಬರಿದೆ ಬಿದ್ದಿದ್ದವು, ಬ್ಯಾಟರಿಯೋ ಜಂಗಮಕೋಟೆಯಲ್ಲಿತ್ತು. ಕೈ ಹಿಂದೆಗೆದರೆ ಮುಳ್ಳು ಕುಸಿಯಿತು. ಬೆರಳು ಸರಿದ ಕಡೆಗೆ ತಾನೂ ಸರಿಯಿತು. ದಿನವೂ ಅದೇ ಹೊತ್ತಿಗೆ ಅಕ್ಕಯ್ಯಮ್ಮ ಅವನನ್ನು ಊಟಕ್ಕೆ ಕೂಗುತ್ತಿದ್ದಳು.

"ಯಾರೇ ಅದು? ಅಕ್ಕಯ್ಯಾ?" ಟವೆಲ್ಲಿನೊಳಗಿಂದಲೇ ಕೇಳಿದ. ಮುಳ್ಳು ನಡುಗಿತು.

ಮರುದಿನ ಅದು ಸತ್ತಂತೆ ಬಿದ್ದಿತ್ತು. ಒರೆಸಿದ, ಎದ್ದಿತು. ಸೆರಗು ಸೋಕಿದರೆ ಬರುತ್ತಾಳೆ ಎಂದುಕೊಂಡ. ಮೂರನೆಯ ದಿನಕ್ಕೆ ಭಯ ಹೋಗಿ, ಅದಕ್ಕಿಂತ ಕೆಟ್ಟದ್ದಾದ ಆಸೆ ಹತ್ತಿತು. ವೆಂಕಟರವಣಪ್ಪ ಎರಡು ಸಲ ಬಂದರೂ "ಸ್ಪ್ರಿಂಗ್ ಇನ್ನೂ ಕೂತಿಲ್ಲ ಸ್ವಾಮಿ" ಎಂದು ಸುಳ್ಳು ಹೇಳಿ ಸಾಗಹಾಕಿದ. ಬಾಗಿಲು ಅರ್ಧ ಎಳೆದುಕೊಂಡು ಮುಳ್ಳಿನ ಮುಂದೆ ಮಳೆ, ಬೆಳೆ, ಮಗಳ ಬಸಿರು ಎಲ್ಲ ಹೇಳಿದ. ಹೇಳಲೇಬೇಕಾದ ಒಂದು ಮಾತನ್ನು ಮಾತ್ರ ನಾಳೆ, ನಾಳೆ ಎಂದು ಮುಂದೂಡಿದ. ಅದನ್ನು ಹೇಳದೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಎಂಟನೆಯ ದಿನ ಒರೆಸಿ, ಟವೆಲ್ಲು ಕಟ್ಟಿ, ಬೆರಳು ಚಾಚಿ, "ಲೇ, ಇವತ್ತು ಹೇಳ್ಬಿಡ್ತೀನಿ ಕೇಳು" ಎಂದ. ಅಷ್ಟರಲ್ಲಿ ವೆಂಕಟರವಣಪ್ಪ ಬಾಗಿಲು ತಳ್ಳಿ ಒಳಗೆ ಬಂದರು. ಕುಣಿಯುವ ಮುಳ್ಳನ್ನೂ ರೇಷ್ಮೆಯನ್ನೂ ನೋಡಿ ನಕ್ಕರು.

"ಇದಕ್ಕಾ ಇಷ್ಟು ದಿನ ಇಟ್ಕೊಂಡಿದ್ದು? ಪ್ಲಾಸ್ಟಿಕ್ಕಿಗೆ ರೇಷ್ಮೆ ಉಜ್ಜಿದ್ರೆ ಒಣಹವೇಲಿ ಕರೆಂಟು ಹುಟ್ಕೊಳ್ತದೆ ಕಣಪ್ಪ. ಉಸಿರಿನ ಪಸೆ ತಾಕಿದ್ರೆ ಹೊರಟೋಗ್ತದೆ, ನೋಡಿಲ್ಲಿ."

ಮೀಟರೆತ್ತಿ ಹಾ ಎಂದು ಉಸಿರು ಬಿಟ್ಟರು. ಪ್ಲಾಸ್ಟಿಕ್ಕು ಮಸುಕಾಯಿತು. ಮುಳ್ಳು ಸೊನ್ನೆಗೆ ಇಳಿದು ನಿಂತಿತು. ಕೋನಪ್ಪ ಬೆರಳನ್ನು ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ.

"ಈಗ ಸರಿಹೋಯ್ತು," ಎಂದರು ವೆಂಕಟರವಣಪ್ಪ.

ಕೋನಪ್ಪ ಟವೆಲ್ಲು ಬಿಚ್ಚಿದ. "ಆಸ್ಪತ್ರೇಲಿ ಕೊನೇ ದಿನ ಅಕ್ಕಯ್ಯ ನನ್ನೇ ಕೇಳ್ತಿದ್ಲಂತೆ ಸ್ವಾಮಿ. ಕರೆಯಕ್ಕೂ ಬಂದಿದ್ರು. ಯಾರದೋ ಗಡಿಯಾರ ಮುಗಿಸ್ಬಿಟ್ಟು ಹೋಗಣ ಅಂತ ನಾನಿಲ್ಲೇ ಕೂತಿದ್ದೆ."